ಪುಣೆಯ ದರಬಾರು, ಲಂಡನ್ನಿನ ತಾಮ್ರದ ತಗಡು

ಕೋಥರೂಡದಿಂದ ಶನಿವಾರವಾಡೆಗೆ ಹೋಗಿ ನಿಂತರೆ ಇಂದು ಕಾಣುವುದು ಕೋಟೆಯ ಗೋಡೆ, ದಿಲ್ಲಿ ದರವಾಜೆ, ಒಳಗೆ ಬರಿಯ ತಳಪಾಯಗಳು. ಉಳಿದುದನ್ನೆಲ್ಲ 1828ರ ಬೆಂಕಿ ನುಂಗಿತು. ಅಲ್ಲಿಯ ಗಣೇಶ ರಂಗಮಹಲಿನಲ್ಲಿ 1790ರ ಆಗಸ್ಟ್ 6ರಂದು ಸೇರಿದ ಒಂದು ದರಬಾರು ಮಾತ್ರ ಚಿತ್ರದಲ್ಲಿ ಉಳಿದಿದೆ. ಇಂಗ್ಲಿಷ್ ರೆಸಿಡೆಂಟ್ ಚಾರ್ಲ್ಸ್ ಮ್ಯಾಲೆಟನು ಸವಾಯಿ ಮಾಧವರಾವ ಪೇಶ್ವೆಗೆ ಒಪ್ಪಂದಪತ್ರವನ್ನು ಸಲ್ಲಿಸುವ ದೃಶ್ಯ ಅದು. ಒಪ್ಪಂದವಾದರೋ, ಟೀಪೂ ಸುಲ್ತಾನನ ಮೇಲೆ ಇಂಗ್ಲಿಷರು, ಪೇಶ್ವೆ, ನಿಜಾಮ ಮೂವರೂ ಕೂಡಿ ಯುದ್ಧಕ್ಕೆ ಹೊರಡಲು ಮಾಡಿಕೊಂಡುದು. ಆದುದರಿಂದ ಪುಣೆಯಲ್ಲಿ ನೆಲೆಸಿದ ಕನ್ನಡಿಗನಿಗೆ ಈ ಚಿತ್ರದಲ್ಲಿ ಎರಡು ಬಗೆಯ ಸಂಬಂಧವಿದೆ.

ಚಿತ್ರದ ಹುಟ್ಟು ವಿಚಿತ್ರವಾದುದು. ಮುಖಗಳ ಅಭ್ಯಾಸಚಿತ್ರಗಳನ್ನು ಬರೆದ ಜೇಮ್ಸ್ ವೇಲ್ಸ್ ಭಾರತಕ್ಕೆ ಬಂದುದೇ 1791ರಲ್ಲಿ. ದರಬಾರನ್ನು ಅವನು ಕಂಡವನಲ್ಲ. ಅವನು 1795ರಲ್ಲಿ ತೀರಿಕೊಂಡ ಬಳಿಕ, ಆ ಸಾಮಗ್ರಿಯಿಂದ ಥಾಮಸ್ ಡೇನಿಯಲ್ 1805ರಲ್ಲಿ ದೊಡ್ಡ ತೈಲಚಿತ್ರವನ್ನು ರಚಿಸಿದನು. ಬರೆಯಿಸಿದವನು ಮ್ಯಾಲೆಟ್, ಅಷ್ಟರಲ್ಲಿ ಅವನು ವೇಲ್ಸನ ಅಳಿಯನೂ ಆಗಿದ್ದನು. ತೈಲಚಿತ್ರವು ಒಬ್ಬ ಶ್ರೀಮಂತನ ಗೋಡೆಯ ಸೊತ್ತು. ಅದಕ್ಕೆ ಸಮಾಜದಲ್ಲಿ ಅರ್ಥ ಬಂದುದು 1807ರಲ್ಲಿ, ಚಾರ್ಲ್ಸ್ ಟರ್ನರ್ ಅದನ್ನು ಮೆಜೊಟಿಂಟ್ ಕ್ರಮದಲ್ಲಿ ಅಚ್ಚುಮಾಡಿದಾಗ.

ಈ ಕ್ರಮವನ್ನು ಸ್ವಲ್ಪ ವಿವರಿಸಬೇಕು. ಹಲ್ಲುಳ್ಳ ಉಪಕರಣದಿಂದ ತಾಮ್ರದ ತಗಡನ್ನೆಲ್ಲ ಒರಟುಮಾಡಿದರೆ, ಅದು ಮಸಿಯನ್ನು ಹೀರಿ ಗಾಢವಾದ ಕಪ್ಪನ್ನು ಕೊಡುತ್ತದೆ. ಬೆಳಕು ಬೇಕಾದೆಡೆ ಕೆರೆದು ನಯಗೊಳಿಸುತ್ತಾರೆ. ಕತ್ತಲೆಯೊಳಗಿಂದ ಮುಖ ಮೂಡುವ ಈ ರೀತಿ ರಮ್ಯಯುಗದ ಭಾವಚಿತ್ರಕ್ಕೆ ಹೇಳಿಮಾಡಿಸಿದಂತಿತ್ತು. ಲಾರೆನ್ಸನಂಥವರ ಚಿತ್ರಗಳನ್ನು ಬಹುಮಂದಿ ಅರಿತುದು ಇಂಥ ಕಪ್ಪುಬಿಳುಪಿನ ಅಚ್ಚುಗಳಿಂದಲೇ. ತಗಡು ಬೇಗ ಸವೆಯುವುದರಿಂದ ಮೊದಲ ಪ್ರತಿಗಳಿಗೆ ಬೆಲೆ ಹೆಚ್ಚು. ಹಣವಿಲ್ಲದವನು ಅಂಗಡಿಯ ಗಾಜಿನ ಹೊರಗೆ ನಿಂತೇ ನೋಡುವನು.

ಅಚ್ಚಿನ ಅಡಿಬರಹವೂ ಗಮನಾರ್ಹ. ತೈಲಚಿತ್ರ ಮೌನವಾಗಿರಬಹುದು, ಅಚ್ಚು ಮಾತನಾಡಲೇಬೇಕು. ಅಲ್ಲಿ ಮ್ಯಾಲೆಟನಿಗೆ ಬ್ಯಾರೊನೆಟ್ ಬಿರುದು ಹಚ್ಚಿದೆ. ದರಬಾರಿನ ದಿನ ಅದು ಅವನಿಗೆ ಬಂದಿರಲಿಲ್ಲ, ಬಂದುದು 1791ರಲ್ಲಿ. ಅಚ್ಚು ಹೊರಬೀಳುವಾಗ ಪೇಶ್ವೆ ಸತ್ತು ಹನ್ನೆರಡು ವರ್ಷವಾಗಿತ್ತು. ಟೀಪೂ, ನಾನಾ ಫಡಣವೀಸ ಇಬ್ಬರೂ ಇರಲಿಲ್ಲ. ಆಕ್ಷೇಪಿಸುವವರು ಯಾರು?

ಒಪ್ಪಂದದ ಫಲವೂ ಅಚ್ಚಿಗೆ ಬಂದಿತು. 1792ರ ಫೆಬ್ರವರಿಯಲ್ಲಿ ಟೀಪುವಿನ ಮಕ್ಕಳಾದ ಅಬ್ದುಲ್ ಖಾಲಿಕ್, ಮುಯಿಜುದ್ದೀನರು ಶ್ರೀರಂಗಪಟ್ಟಣದಿಂದ ಒತ್ತೆಯಾಳುಗಳಾಗಿ ಕಾರ್ನ್‌ವಾಲಿಸನ ಬಳಿಗೆ ಬಂದರು. ರಾಬರ್ಟ್ ಹೋಮ್ ಸೇನೆಯೊಡನೆ ಇದ್ದವನು. ಮ್ಯಾದರ್ ಬ್ರೌನ್, ಹೆನ್ರಿ ಸಿಂಗಲ್ಟನ್‌ರಾದರೋ ಭಾರತವನ್ನೇ ಕಾಣದವರು. ಆದರೂ ಅವರ ಚಿತ್ರಗಳೂ ಅಚ್ಚಾಗಿ ಮಾರಿದುವು. ಅವುಗಳಲ್ಲಿ ಗೆದ್ದವನು ತಂದೆಯಂತೆ ಕಾಣುತ್ತಾನೆ. ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯ ದಂಡ, ಅದಕ್ಕಾಗಿಯೇ ಹಿಡಿದ ಮಕ್ಕಳು, ಈ ಲೆಕ್ಕ ಯಾವ ತಗಡಿನಲ್ಲೂ ಕೆತ್ತಲ್ಪಡಲಿಲ್ಲ. ಮುಖದ ಹೋಲಿಕೆಗಿಂತ ಈ ಕರುಣೆಯೇ ಕೊಳ್ಳುವವರಿಗೆ ಬೇಕಾಗಿತ್ತೆಂದು ನನ್ನ ಎಣಿಕೆ.

ಅಚ್ಚಿನ ಯಂತ್ರ ಪುಣೆಯವರ ಕೈಗೂ ಬಂದಿತು. 1878ರಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರರು ಸ್ಥಾಪಿಸಿದ ಚಿತ್ರಶಾಲೆಯು ಕಲ್ಲಚ್ಚಿನಿಂದ ಬಣ್ಣದ ಚಿತ್ರಗಳನ್ನು ಹೊರಡಿಸಿತು. ರಾಮಪಂಚಾಯತನದ ಜೊತೆಗೆ ಅದು ಮನೆಮನೆಗೆ ಕಳಿಸಿದುದು ನಾನಾ ಫಡಣವೀಸನ ಭಾವಚಿತ್ರವನ್ನು. ಮ್ಯಾಲೆಟನ ಅಚ್ಚಿನಲ್ಲಿ ಸಾಕ್ಷಿಗಳ ನಡುವೆ ಕುಳಿತಿದ್ದ ಮಂತ್ರಿ, ಇಲ್ಲಿ ತಾನೇ ನಾಯಕ.