ಕಟಕಟೆಗೆ ಬಾರದ ಸಾಕ್ಷಿ

‘ಇನ್‌ಹೆರಿಟ್ ದ ವಿಂಡ್’ ನಾಟಕದಲ್ಲಿ ಒಂದು ಕಲ್ಲು ಬರುತ್ತದೆ. ಆರೋಪಿಯ ಪರ ವಕೀಲ ಡ್ರಮಂಡ್ ಅದನ್ನು ಸಾಕ್ಷಿಕಟ್ಟೆಯಲ್ಲಿ ಕೂತ ಎದುರಾಳಿ ವಕೀಲ ಬ್ರಾಡಿಗೆ ತೋರಿಸಿ, ಇದರ ವಯಸ್ಸೆಷ್ಟು ಹೇಳಿ ಎನ್ನುತ್ತಾನೆ. ಕಲ್ಲಿನ ಮೈಮೇಲೆ ಹಳೆಯ ಕಡಲಜೀವಿಯೊಂದರ ಅಚ್ಚು ಮೂಡಿದೆ. ತಜ್ಞರ ಲೆಕ್ಕದಲ್ಲಿ ಅದಕ್ಕೆ ಕಡಿಮೆಯೆಂದರೂ ಒಂದು ಕೋಟಿ ವರ್ಷ. ಬೈಬಲ್ಲನ್ನು ಅಕ್ಷರಶಃ ನಂಬಿದ ಬ್ರಾಡಿಯ ಲೆಕ್ಕದಲ್ಲಿ ಅದು ಆರು ಸಾವಿರ ವರ್ಷ ದಾಟುವಂತಿಲ್ಲ. ಮಾತಿಗೆ ಮಾತು ಬೆಳೆಯುತ್ತದೆ, ಜನ ನಗುತ್ತಾರೆ, ಬ್ರಾಡಿ ಎಲ್ಲರೆದುರು ಕುಸಿಯುತ್ತಾನೆ. ಕಲ್ಲಿನ ಕಡೆ ಮಾತ್ರ ಮತ್ತೆ ಯಾರೂ ತಿರುಗಿ ನೋಡುವುದಿಲ್ಲ. ಅದರ ವಯಸ್ಸನ್ನು ಹೇಗೆ ಕಂಡುಕೊಂಡರು, ಆ ಅಚ್ಚಿಗೂ ನಮಗೂ ಏನು ನಂಟು ಎಂದು ಯಾರೂ ಕೇಳುವುದಿಲ್ಲ. ಜೀವವಿಕಾಸದ ಪಾಠದ ಸುತ್ತ ಹೆಣೆದ ಈ ಪ್ರಸಿದ್ಧ ಕೋರ್ಟ್ ನಾಟಕದಲ್ಲಿ ಜೀವವಿಕಾಸದ ಪುರಾವೆಯೆಂದು ಕಣ್ಣಿಗೆ ಬೀಳುವುದು ಹೆಚ್ಚುಕಡಿಮೆ ಆ ಕಲ್ಲೊಂದೇ.

ಜೆರೋಮ್ ಲಾರೆನ್ಸ್ ಮತ್ತು ರಾಬರ್ಟ್ ಇ. ಲೀ ಬರೆದ ಈ ನಾಟಕ 1955ರಲ್ಲಿ ಬ್ರಾಡ್‌ವೇಗೆ ಬಂತು, 1960ರಲ್ಲಿ ಸ್ಟಾನ್ಲಿ ಕ್ರೇಮರ್ ಅದನ್ನು ಸಿನಿಮಾ ಮಾಡಿದರು. ಟೆಲಿವಿಷನ್ನಿಗೆ 1965, 1988, 1999ರಲ್ಲಿ ಹೀಗೆ ಮೂರು ಸಲ ಮರುನಿರ್ಮಾಣವಾಯಿತು. 1999ರದ್ದರಲ್ಲಿ ಡ್ರಮಂಡ್ ಪಾತ್ರ ಜಾಕ್ ಲೆಮನ್‌ಗೆ, ಬ್ರಾಡಿ ಪಾತ್ರ ಜಾರ್ಜ್ ಸಿ. ಸ್ಕಾಟ್‌ಗೆ. ಇದೇ ಸ್ಕಾಟ್ 1996ರಲ್ಲಿ ರಂಗದ ಮೇಲೆ ಡ್ರಮಂಡ್ ಆಗಿದ್ದವರು. ಮೂರೇ ವರ್ಷದಲ್ಲಿ ಎರಡೂ ಕಡೆಯ ವಕಾಲತ್ತು ವಹಿಸಿದಂತಾಯಿತು. ಇಬ್ಬರು ಹಿರಿಯ ನಟರ ಜುಗಲ್‌ಬಂದಿ ನೋಡುವಂತಿದೆ, ಅದರಲ್ಲಿ ಎರಡು ಮಾತಿಲ್ಲ. ಅದು ಪ್ರಸಾರವಾದದ್ದು ಮೇ ತಿಂಗಳಲ್ಲಿ. ಆಗಸ್ಟ್ ಹೊತ್ತಿಗೆ ಕಾನ್ಸಾಸ್ ರಾಜ್ಯದ ಶಿಕ್ಷಣ ಮಂಡಳಿ ವಿಜ್ಞಾನ ಪಠ್ಯದ ಮಾನದಂಡಗಳಿಂದ ವಿಕಾಸವಾದದ ಬಹುಪಾಲನ್ನು 6-4 ಮತಗಳಿಂದ ಕಿತ್ತುಹಾಕಿತು. ಒಂದು ನಾಟಕ ಇದನ್ನು ತಡೆಯಬೇಕಿತ್ತು ಎಂದರೆ ಅತಿಯಾಸೆಯಾದೀತು. ನನ್ನ ತಕರಾರು ಬೇರೆ. ಈ ನಾಟಕ ಯಾವ ಪಕ್ಷ ಹಿಡಿಯಬೇಕೆಂದು ಹೇಳಿಕೊಡುತ್ತದೆ, ಏಕೆ ಹಿಡಿಯಬೇಕೆಂದು ಹೇಳುವುದಿಲ್ಲ. ಪ್ರತಿ ಮರುನಿರ್ಮಾಣವೂ ಆ ಕೊರತೆಯನ್ನು ಜೋಪಾನವಾಗಿ ಉಳಿಸಿಕೊಂಡು ಬಂದಿದೆ.

ಕೊರತೆ ಬಂದದ್ದು ನಾಟಕಕ್ಕೆ ಆಧಾರವಾದ ಮೂಲ ಪ್ರಕರಣದಿಂದಲೇ. ವಿಕಾಸವಾದ ಕಲಿಸುವುದನ್ನು ನಿಷೇಧಿಸಿದ ಟೆನೆಸೀ ರಾಜ್ಯದ ಬಟ್ಲರ್ ಕಾಯ್ದೆಯನ್ನು ಮುರಿದನೆಂದು 1925ರ ಜುಲೈನಲ್ಲಿ ಡೇಟನ್ ಎಂಬ ಸಣ್ಣ ಊರಿನಲ್ಲಿ 24 ವರ್ಷದ ಶಿಕ್ಷಕ ಜಾನ್ ಸ್ಕೋಪ್ಸ್‌ನ ವಿಚಾರಣೆ ನಡೆಯಿತು. ಅವನ ಪರವಾಗಿ ಕ್ಲಾರೆನ್ಸ್ ಡ್ಯಾರೋ (ನಾಟಕದ ಡ್ರಮಂಡ್), ಎದುರಿಗೆ ಮೂರು ಸಲ ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತು ಸೋತ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ (ನಾಟಕದ ಬ್ರಾಡಿ). ಪ್ರಾಣಿಶಾಸ್ತ್ರಜ್ಞರು, ಭೂವಿಜ್ಞಾನಿಗಳು, ಮಾನವಶಾಸ್ತ್ರಜ್ಞರು ಸಾಕ್ಷಿ ಹೇಳಲೆಂದು ಊರಿಗೆ ಬಂದಿಳಿದಿದ್ದರು. ಅವರಲ್ಲಿ ಮೇನಾರ್ಡ್ ಮೆಟ್ಕಾಫ್ ಒಬ್ಬರಿಗೆ ಮಾತ್ರ ಮಾತಾಡಲು ಅವಕಾಶ ಸಿಕ್ಕಿತು, ಅದೂ ಜ್ಯೂರಿಯನ್ನು ಹೊರಗೆ ಕಳಿಸಿದ ಮೇಲೆ. ಶಿಕ್ಷಕ ಪಾಠ ಮಾಡಿದನೇ ಇಲ್ಲವೇ ಎಂಬುದಷ್ಟೇ ಪ್ರಶ್ನೆ, ಪಾಠ ನಿಜವೋ ಸುಳ್ಳೋ ಇಲ್ಲಿ ಅಪ್ರಸ್ತುತ ಎಂದರು ನ್ಯಾಯಾಧೀಶ ರೌಲ್ಸ್‌ಟನ್. ಕಾನೂನಿನ ಕಣ್ಣಿನಲ್ಲಿ ಅದು ತೀರಾ ಅಸಂಬದ್ಧ ಆದೇಶವೇನಲ್ಲ. ಸಾಕ್ಷಿಗಳಿಲ್ಲದ ಡ್ಯಾರೋ ಎದುರಾಳಿ ಬ್ರಯಾನ್‌ನನ್ನೇ ಕರೆದು, ಕೋರ್ಟಿನ ಹೊರಗಿನ ಹುಲ್ಲಿನ ಮೇಲೆ, ಬೈಬಲ್ ಕುರಿತು ಪಾಟೀಸವಾಲು ಮಾಡಿದ್ದು ಆಗ. ಸೃಷ್ಟಿಯ ದಿನಗಳು 24 ಗಂಟೆಯವೇ ಆಗಬೇಕಿಲ್ಲ ಎಂದು ನಿಜದ ಬ್ರಯಾನ್ ಅಲ್ಲಿ ಒಪ್ಪಿದ್ದ. ನಾಟಕದಲ್ಲಿ ಅದೇ ಒಪ್ಪಿಗೆ ಅವನ ಪತನದ ಮೊದಲ ಮೆಟ್ಟಿಲಾಗುತ್ತದೆ. ಜ್ಯೂರಿ ಒಂಬತ್ತು ನಿಮಿಷದಲ್ಲಿ ತೀರ್ಮಾನಕ್ಕೆ ಬಂತು, 100 ಡಾಲರ್ ದಂಡ ಬಿತ್ತು. 1927ರಲ್ಲಿ ಮೇಲಿನ ಕೋರ್ಟು ಶಿಕ್ಷೆಯನ್ನು ರದ್ದು ಮಾಡಿತು. 50 ಡಾಲರಿಗಿಂತ ಹೆಚ್ಚಿನ ದಂಡವನ್ನು ಜ್ಯೂರಿಯೇ ಗೊತ್ತುಮಾಡಬೇಕಿತ್ತು, ನ್ಯಾಯಾಧೀಶರಲ್ಲ, ಎಂಬುದು ಅದಕ್ಕೆ ಕಾರಣ. ವಿಕಾಸವಾದ ಅಲ್ಲಿ ಗೆಲ್ಲಲೂ ಇಲ್ಲ ಸೋಲಲೂ ಇಲ್ಲ, ಅದನ್ನು ಕಟಕಟೆಗೇ ಕರೆಯಲಿಲ್ಲ.

ನಾಟಕವೇನು ಜೀವಶಾಸ್ತ್ರದ ತರಗತಿಯೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಲಾರೆನ್ಸ್ ಮತ್ತು ಲೀ ಬರೆಯುತ್ತಿದ್ದದ್ದು ಕಮ್ಯುನಿಸ್ಟರೆಂಬ ಶಂಕೆಯ ಮೇಲೆ ಜನರನ್ನು ಬೇಟೆಯಾಡಿದ ಮೆಕಾರ್ಥಿ ಕಾಲದ ಭಯದ ನಡುವೆ. ಅವರಿಗೆ ಬೇಕಿದ್ದದ್ದು ಯೋಚಿಸುವ ಹಕ್ಕಿನ ಕತೆ, ಡಾರ್ವಿನ್ ಒಂದು ನೆಪ. ಆದರೆ ನೋಡುಗ ಮನೆಗೆ ಒಯ್ಯುವುದು ಬರೀ ಆಶಯವನ್ನಲ್ಲ, ಒಂದು ವಿಧಾನವನ್ನೂ ಒಯ್ಯುತ್ತಾನೆ. ಪಾಟೀಸವಾಲಿನಲ್ಲಿ ಎದುರಾಳಿಯ ಬಾಯಿ ಕಟ್ಟಿದವನದೇ ಸತ್ಯ ಎಂಬುದು ಆ ವಿಧಾನ. ಈ ಆಯುಧ ಯಾರ ಕೈಗೂ ಒಗ್ಗುತ್ತದೆ. 2018ರ ಜನವರಿಯಲ್ಲಿ ನಮ್ಮ ಕೇಂದ್ರದ ಸಚಿವರೊಬ್ಬರು ಮಂಗ ಮನುಷ್ಯನಾದದ್ದನ್ನು ಯಾರೂ ಕಂಡಿಲ್ಲ, ಆದ್ದರಿಂದ ಡಾರ್ವಿನ್ ಸಿದ್ಧಾಂತ ತಪ್ಪು, ಅದು ಪಠ್ಯದಿಂದ ಹೋಗಬೇಕು ಎಂದದ್ದು ಇಂಥದೇ ಸವಾಲು. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಸೇರಿ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಹೇಳಿಕೆ ಕೊಟ್ಟು ಅದನ್ನು ಅಲ್ಲಗಳೆದವು. ಮುಂದೆ ಎನ್‌ಸಿಇಆರ್‌ಟಿ ಪಠ್ಯದ ಹೊರೆ ಇಳಿಸುವ ಕಾರಣ ಕೊಟ್ಟು ಹತ್ತನೆಯ ತರಗತಿಯ ‘ಅನುವಂಶೀಯತೆ ಮತ್ತು ವಿಕಾಸ’ ಅಧ್ಯಾಯದಲ್ಲಿ ಅನುವಂಶೀಯತೆಯನ್ನಷ್ಟೇ ಉಳಿಸಿಕೊಂಡಿತು. 2023ರಲ್ಲಿ 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಅದನ್ನು ವಿರೋಧಿಸಿ ಬಹಿರಂಗ ಪತ್ರ ಬರೆದರು.

‘ಕಂಡವರು ಯಾರು’ ಎಂಬ ಪ್ರಶ್ನೆಗೆ ಉತ್ತರ ಕೋರ್ಟಿನ ಭಾಷೆಯಲ್ಲೇ ಇದೆ: ಸಾಂದರ್ಭಿಕ ಸಾಕ್ಷ್ಯ. ಕೊಲೆಯನ್ನು ಕಂಡವರಿಲ್ಲದಿದ್ದರೂ ಬೆರಳಚ್ಚು ಮಾತಾಡುತ್ತದೆ. ನಮ್ಮ ಜೀವಕೋಶಗಳಲ್ಲಿರುವ ಅಂಥದೊಂದು ಬೆರಳಚ್ಚನ್ನು ನೋಡೋಣ. ಮನುಷ್ಯನಿಗೆ 23 ಜೊತೆ ವರ್ಣತಂತುಗಳು. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಿಗೆ 24 ಜೊತೆ. ಎಲ್ಲರೂ ಒಂದೇ ಪೂರ್ವಜರಿಂದ ಬಂದವರಾದರೆ ನಮ್ಮ ಒಂದು ಜೊತೆ ಎಲ್ಲಿ ಹೋಯಿತು? ಇಡೀ ವರ್ಣತಂತುವನ್ನೇ ಕಳೆದುಕೊಂಡ ಜೀವಿ ಬದುಕಿ ಬಾಳುವುದು ಕಷ್ಟ, ಅದರ ಜೊತೆಗೆ ನೂರಾರು ಜೀನ್‌ಗಳು ಹೋಗುತ್ತವೆ. ಉಳಿಯುವುದು ಎರಡು ವರ್ಣತಂತುಗಳು ತುದಿಗೆ ತುದಿ ಬೆಸೆದುಕೊಂಡವು ಎಂಬ ಊಹೆ. ಅದನ್ನು ಪರೀಕ್ಷಿಸಬಹುದು. ಎರಡು ಟವೆಲುಗಳನ್ನು ಉದ್ದಕ್ಕೆ ಜೋಡಿಸಿ ಹೊಲಿದರೆ ತುದಿಯಲ್ಲಿರಬೇಕಾದ ಕುಚ್ಚು ನಟ್ಟನಡುವೆ ಸಿಕ್ಕಿಕೊಳ್ಳುತ್ತದಲ್ಲ, ಹಾಗೆಯೇ ಇದು. ವರ್ಣತಂತುವಿನ ತುದಿಗಳಲ್ಲಿ ಟಿಟಿಎಜಿಜಿಜಿ ಎಂಬ ಆರಕ್ಷರದ ಸಾಲು ಮತ್ತೆ ಮತ್ತೆ ಬರುವ ಟೆಲೋಮಿಯರ್ ಎಂಬ ಕುಚ್ಚಿದೆ. ನಮ್ಮ ಎರಡನೆಯ ವರ್ಣತಂತುವಿನ ಒಳಭಾಗದಲ್ಲಿ, ಅದಕ್ಕೇನೂ ಕೆಲಸವಿಲ್ಲದ ಜಾಗದಲ್ಲಿ, ಆ ಸಾಲು ಕಾಣಿಸುತ್ತದೆ. ಒಂದು ಬಿಂದುವಿನಿಂದಾಚೆ, ಜೋಡಿ ಎಳೆಯ ಅಕ್ಷರಗಳನ್ನು ಹಿಂದಿನಿಂದ ಓದಿದಂತೆ, ಸಿಸಿಸಿಟಿಎಎ ಎಂದು ತಿರುಗಿಕೊಳ್ಳುತ್ತದೆ. ಅಕ್ಷರಗಳು ಅಲ್ಲಲ್ಲಿ ಸವೆದಿವೆ, ಹಳೆಯ ಹೊಲಿಗೆಯಾದ್ದರಿಂದ ಸವೆಯದಿದ್ದರೇ ಅನುಮಾನ ಪಡಬೇಕಿತ್ತು. ವರ್ಣತಂತುವಿಗೆ ಒಂದೇ ಇರಬೇಕಾದ ಸೆಂಟ್ರೊಮಿಯರ್ ಎಂಬ ಗಂಟು ಇಲ್ಲಿ ಇನ್ನೊಂದು ಕಡೆಯೂ ಕೆಲಸ ನಿಂತುಹೋದ ಗುರುತಾಗಿ ಉಳಿದಿದೆ. ಬೆಸುಗೆಯ ಜಾಗ ಪತ್ತೆಯಾದದ್ದು 1991ರಲ್ಲಿ. 2005ರಲ್ಲಿ ಇಡೀ ವರ್ಣತಂತುವನ್ನು ಓದಿದಾಗ ಅದು ಮತ್ತೆ ದೃಢಪಟ್ಟಿತು.

ಇನ್ನೊಂದು ಆಕ್ಷೇಪ ‘ಕಂಡವರು ಯಾರು’ ಎಂಬುದಕ್ಕಿಂತ ಮೊನಚು. 1925ರಲ್ಲಿ ವಿಜ್ಞಾನಿಗಳಿಗೆ ಬಾಯಿಬಿಡಲು ಬಿಟ್ಟಿದ್ದರೆ ಏನಾಗುತ್ತಿತ್ತು? ಅವರು ಬರೆದುಕೊಟ್ಟ ಹೇಳಿಕೆಗಳಲ್ಲಿ ಪಿಲ್ಟ್‌ಡೌನ್ ಮಾನವನ ಹೆಸರೂ ಇತ್ತು, ಅಂದರೆ ಮನುಷ್ಯನ ತಲೆಬುರುಡೆಗೆ ಒರಾಂಗುಟಾನಿನ ದವಡೆ ಜೋಡಿಸಿ ಬಣ್ಣ ಬಳಿದ ಶುದ್ಧ ಮೋಸ. ಅದೇ ವರ್ಷದ ಫೆಬ್ರುವರಿಯಲ್ಲಿ ರೇಮಂಡ್ ಡಾರ್ಟ್ ಪ್ರಕಟಿಸಿದ್ದ ಆಫ್ರಿಕದ ಟಾಂಗ್ ಮಗುವಿನ ಬುರುಡೆ ನಿಜವಾದ ಸಾಕ್ಷಿ, ಅದನ್ನು ಆಗಿನ ದೊಡ್ಡವರು ಮೂಲೆಗೆ ತಳ್ಳಿದ್ದರು. ಸಾಲದ್ದಕ್ಕೆ ಸ್ಕೋಪ್ಸ್ ಬಳಸಿದ ಪಠ್ಯ, ಜಾರ್ಜ್ ಹಂಟರ್ ಬರೆದ ‘ಎ ಸಿವಿಕ್ ಬಯಾಲಜಿ’, ಮನುಷ್ಯರನ್ನು ಐದು ಜನಾಂಗಗಳಾಗಿ ವಿಂಗಡಿಸಿ ಬಿಳಿಯರನ್ನು ಮೇಲಿಟ್ಟಿತ್ತು, ‘ಉತ್ತಮ ಸಂತಾನ’ದ ಯೂಜೆನಿಕ್ಸ್ ಬೋಧಿಸಿತ್ತು. ನಾಟಕ ಇದನ್ನು ಕಾಣಿಸಿಲ್ಲ. ಕಾಣಿಸಿದ್ದರೆ ಬ್ರಾಡಿ ಅಷ್ಟು ಸುಲಭದ ಕೋಡಂಗಿಯಾಗುತ್ತಿರಲಿಲ್ಲ. ಹಾಗಾದರೆ ವಿಜ್ಞಾನದ ಸಾಕ್ಷಿಯನ್ನು ನಂಬುವುದೆಂತು? ಪಿಲ್ಟ್‌ಡೌನ್ ಮೋಸವನ್ನು 1953ರಲ್ಲಿ ಬಯಲಿಗೆಳೆದದ್ದು ಯಾವ ವಕೀಲನೂ ಅಲ್ಲ. ಮೂಳೆಯ ಫ್ಲೋರಿನ್ ಅಳೆದು, ಹಲ್ಲಿನ ಮೇಲೆ ಅರದ ಗೀರು ಕಂಡ ವಿಜ್ಞಾನಿಗಳೇ. ಸುಳ್ಳುಸಾಕ್ಷಿ ಬಿದ್ದುಹೋದ ಮೇಲೆ ಟಾಂಗ್ ಮಗುವಿಗೆ ಸಲ್ಲಬೇಕಾದ ಜಾಗ ಇನ್ನಷ್ಟು ಗಟ್ಟಿಯಾಯಿತು. ಹಂಟರನ ಜನಾಂಗದ ಏಣಿಯನ್ನು ಮುರಿದುಹಾಕಿದ್ದರಲ್ಲೂ ಮುಂದಿನ ಅನುವಂಶಶಾಸ್ತ್ರದ ಪಾಲು ದೊಡ್ಡದು.

ಪುರಾವೆಯಲ್ಲಿ ನಾಟಕವಿಲ್ಲ, ಅದನ್ನು ತೆರೆಗೆ ತಂದರೆ ಜನ ಚಾನಲ್ ಬದಲಿಸುತ್ತಾರೆ ಎನ್ನುವವರು 2005ರ ಡೋವರ್ ಪ್ರಕರಣದ ಕಡತ ತೆಗೆದು ನೋಡಬೇಕು. ಪೆನ್ಸಿಲ್ವೇನಿಯದ ಡೋವರ್ ಶಾಲಾ ಮಂಡಳಿ, ಜೀವಿಗಳ ಹಿಂದೆ ಬುದ್ಧಿವಂತ ವಿನ್ಯಾಸಕನಿದ್ದಾನೆ ಎನ್ನುವ ‘ಬುದ್ಧಿವಂತ ವಿನ್ಯಾಸ’ ವಾದವನ್ನು ಒಂಬತ್ತನೆಯ ತರಗತಿಯ ಮಕ್ಕಳಿಗೆ ಪರಿಚಯಿಸಹೊರಟಾಗ 11 ಮಂದಿ ಪಾಲಕರು ಕೋರ್ಟಿಗೆ ಹೋದರು. ಜ್ಯೂರಿ ಇರಲಿಲ್ಲ, ನ್ಯಾಯಾಧೀಶ ಜಾನ್ ಜೋನ್ಸ್ ವಿಜ್ಞಾನಿಗಳ ಮಾತನ್ನು ದಿನಗಟ್ಟಲೆ ಕೇಳಿಸಿಕೊಂಡರು. ಮೊದಲ ಸಾಕ್ಷಿ ಕೆನೆತ್ ಮಿಲ್ಲರ್ ವಿವರಿಸಿದ್ದರಲ್ಲಿ ಮೇಲಿನ ಎರಡನೆಯ ವರ್ಣತಂತುವೂ ಒಂದು. ಮಂಡಳಿ ಮೆಚ್ಚಿದ ಪುಸ್ತಕ ‘ಆಫ್ ಪಾಂಡಾಸ್ ಅಂಡ್ ಪೀಪಲ್’. ಅದು ಸೃಷ್ಟಿವಾದವಲ್ಲ, ಹೊಸ ವಿಜ್ಞಾನ ಎಂಬುದು ಅವರ ವಾದ. ಪಾಲಕರ ಪರ ವಕೀಲರು ಆ ಪುಸ್ತಕದ ಹಳೆಯ ಕರಡುಗಳನ್ನು ತರಿಸಿದರು. ಶಾಲೆಯಲ್ಲಿ ಸೃಷ್ಟಿವಾದ ಬೋಧಿಸುವ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟು 1987ರಲ್ಲಿ ತಳ್ಳಿಹಾಕಿತ್ತು. ಅದಕ್ಕೂ ಹಿಂದಿನ ಕರಡುಗಳಲ್ಲಿ ‘ಕ್ರಿಯೇಷನಿಸ್ಟ್ಸ್’ ಎಂದಿದ್ದ ಕಡೆಯಲ್ಲೆಲ್ಲ ನಂತರದವುಗಳಲ್ಲಿ ‘ಡಿಸೈನ್ ಪ್ರೊಪೊನೆಂಟ್ಸ್’ ಬಂದು ಕೂತಿತ್ತು, ವಾಕ್ಯದ ಉಳಿದ ಭಾಗ ಇದ್ದಂತೆಯೇ ಇತ್ತು. ಒಂದು ಕಡೆ ಮಾತ್ರ ಹಳೆಯ ಪದವನ್ನು ಪೂರ್ತಿ ಅಳಿಸಲು ಕೈ ಮರೆತಿತ್ತು. ಹೊಸ ಪದಗಳ ಮುಂದೆ ಹಳೆಯದರ ಮೊದಲ ಅಕ್ಷರ, ಹಿಂದೆ ಹಳೆಯದರ ಬಾಲ, ಹೀಗೆ ಎರಡೂ ಬೆಸೆದುಕೊಂಡು ‘ಸಿಡಿಸೈನ್ ಪ್ರೊಪೊನೆಂಟ್ಸಿಸ್ಟ್ಸ್’ ಎಂಬ ಪದವೊಂದು ಆ ಕರಡಿನಲ್ಲಿ ಉಳಿದುಬಿಟ್ಟಿತ್ತು.