ಕುಮಾರ ಪರ್ವತ: ಝುಹರ್‌ಗೆ ತಿರುಗದಿದ್ದರೆ ಮಗ್ರಿಬ್ ಕಾಡಿನಲ್ಲಿ

ಮಳೆಗಾಲ ಮುಗಿದು ಚಳಿ ಹತ್ತಿರವಾಗುವ ಹೊತ್ತಿಗೆ ಪುತ್ತೂರು, ಸುಳ್ಯ, ಮಂಗಳೂರು ಕಡೆಯ ಕಾಲೇಜು ಮಕ್ಕಳ ಬಾಯಲ್ಲಿ ಒಂದು ಹೆಸರು ಓಡಾಡತೊಡಗುತ್ತದೆ: ಕೆ.ಪಿ. ಅಂದರೆ ಕುಮಾರ ಪರ್ವತ. ಹಿಂದೆ ಹುಡುಗರು ಮಾತ್ರ ಕೇಳುತ್ತಿದ್ದರು, ಈಗ ಹೆಣ್ಣು ಮಕ್ಕಳೂ ಕೇಳುತ್ತಾರೆ. "ಉಮ್ಮಾ, ಮಾಮನ ಮಕ್ಕಳೆಲ್ಲ ಹೋಗ್ತಾರೆ, ಬೆಳಿಗ್ಗೆ ಹೋಗಿ ಸಂಜೆ ಬರುವುದು" ಎಂಬ ಈ ಬೇಡಿಕೆಗೆ ನಮ್ಮ ಮನೆಗಳಲ್ಲಿ ಸಿಗುವ ಉತ್ತರ ಎರಡೇ. ಒಂದೋ "ಬೇಡ, ಅಲ್ಲಿ ಆನೆ ಉಂಟು". ಇಲ್ಲವೇ "ಬಾಪನನ್ನು ಕೇಳು". ಬಾಪ ದುಬೈಯಲ್ಲೋ ಜುಬೈಲ್‌ನಲ್ಲೋ ಇರುತ್ತಾರೆ. "ಸರಿ, ಜಾಗ್ರತೆ" ಎಂದು ಫೋನ್ ಇಡುತ್ತಾರೆ. ಅಲ್ಲಿಗೆ ಚರ್ಚೆ ಮುಗಿಯಿತು.

ಈ ಎರಡು ಉತ್ತರಗಳಿಂದಲೂ ಪ್ರಯೋಜನವಿಲ್ಲ. ಬೇಡವೆಂದಾಗ ಹದಿನೆಂಟರ ಹುಡುಗ ಗೆಳೆಯನ ಮನೆಗೆಂದು ಹೇಳಿ ಹೊರಡುತ್ತಾನೆ. ಆಗ ಅವನು ಎಲ್ಲಿದ್ದಾನೆಂಬುದೇ ಮನೆಯವರಿಗೆ ಗೊತ್ತಿರುವುದಿಲ್ಲ. ಸರಿ ಎಂದಾಗ ಏನು ತಯಾರಿ ಮಾಡಿಕೊಂಡಿದ್ದಾನೆಂದು ಯಾರೂ ಕೇಳುವುದಿಲ್ಲ. ಬೆಟ್ಟವನ್ನು ತಾಯಿಯೇ ಸ್ವಲ್ಪ ಅರಿತುಕೊಂಡರೆ ಹೇಗೆ? ಸಹೋದರಿಯರೇ, ಈ ಲೇಖನ ಅದಕ್ಕಾಗಿ.

ಕುಮಾರ ಪರ್ವತದ ಎತ್ತರ 1712 ಮೀಟರ್. ಕೊಡಗು ಮತ್ತು ದಕ್ಷಿಣ ಕನ್ನಡ ಸೇರುವ ಕಡೆ, ಪುಷ್ಪಗಿರಿ ವನ್ಯಜೀವಿ ಧಾಮದಲ್ಲಿದೆ. ಎತ್ತರವೊಂದನ್ನೇ ನೋಡಿದರೆ ಮುಳ್ಳಯ್ಯನಗಿರಿ ಇದಕ್ಕಿಂತ ದೊಡ್ಡದು. ಆದರೆ ಅಲ್ಲಿ ಶಿಖರದ ಹತ್ತಿರದವರೆಗೂ ವಾಹನ ಹೋಗುತ್ತದೆ. ಇಲ್ಲಿ ಕುಕ್ಕೆ ಸುಬ್ರಹ್ಮಣ್ಯದ ಬಯಲಿನಿಂದಲೇ ಹತ್ತಬೇಕು. ಒಂದು ಕಡೆಗೆ ಸುಮಾರು 13 ಕಿ.ಮೀ. ದೂರ, ಸುಮಾರು ಒಂದೂವರೆ ಸಾವಿರ ಮೀಟರ್ ಏರು. ಹಾಗಾಗಿಯೇ ಕರ್ನಾಟಕದ ಕಠಿಣ ಚಾರಣಗಳಲ್ಲಿ ಇದರ ಹೆಸರು ಮೊದಲು ಬರುತ್ತದೆ.

ಮೊದಲ ಐದಾರು ಕಿಲೋಮೀಟರ್ ದಟ್ಟ ಕಾಡು. ಬೇರುಗಳ ಮೇಲೆ, ಕಲ್ಲುಗಳ ಮೇಲೆ ನೇರವಾಗಿ ಏರು. ಮಳೆ ಬಿಟ್ಟ ಹೊಸತರಲ್ಲಿ ಇಂಬಳಗಳೂ ಇರುತ್ತವೆ. ಕಾಡು ಮುಗಿದರೆ ಗಿರಿಗದ್ದೆ. ಇಲ್ಲಿನ ಭಟ್ಟರ ಮನೆ ದಶಕಗಳ ಕಾಲ ಚಾರಣಿಗರಿಗೆ ಅನ್ನ, ಸಾಂಬಾರು, ಮಜ್ಜಿಗೆ ಬಡಿಸಿದ ಮನೆ. ಜಾತಿ ಧರ್ಮ ಕೇಳದೆ ಹಸಿದವರಿಗೆ ಬಡಿಸಿದ ಆ ಕೈಗಳ ಬಗ್ಗೆ ಗೌರವವಿರಲಿ. ಆದರೆ ಊಟ ಅಲ್ಲಿ ಸಿಕ್ಕೇ ಸಿಗುತ್ತದೆಂದು ಬುತ್ತಿ ಬಿಟ್ಟು ಹೋಗಬಾರದು. ಅಲ್ಲಿಂದ ಮುಂದೆ ಹುಲ್ಲುಗಾವಲು, ನೆರಳಿಲ್ಲ. ಕಲ್ಲು ಮಂಟಪ ದಾಟಿ ಶೇಷ ಪರ್ವತ. ನೋಡುವವರಿಗೆ ಅದೇ ತುದಿಯೆಂದು ಕಾಣುತ್ತದೆ. ಅಲ್ಲಿ ನಿಂತ ಮೇಲೆ ಗೊತ್ತಾಗುತ್ತದೆ, ಇನ್ನೊಂದು ಶಿಖರ ಉಳಿದಿದೆ ಎಂದು. ಮತ್ತೆ ಕಾಡಿಗೆ ಇಳಿದು, ಕಡಿದಾದ ಬಂಡೆ ಏರಿದರೆ ಕುಮಾರ ಪರ್ವತ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಸ್ಕಾಟ್‌ಲೆಂಡಿನ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಒಂದು ಸರಳ ಸೂತ್ರ ಕೊಟ್ಟಿದ್ದರು. ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ; ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಇದರ ಪ್ರಕಾರ ಕುಕ್ಕೆಯಿಂದ ತುದಿಗೆ ಐದು ಗಂಟೆ ಬೇಕು. ಇದು ಅಭ್ಯಾಸವಿರುವ ನಡಿಗೆಯವನಿಗೆ, ಅದೂ ಎಲ್ಲೂ ಕುಳಿತುಕೊಳ್ಳದೆ. ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಬರುವ ನಮ್ಮ ಮಕ್ಕಳಿಗೆ ಆರರಿಂದ ಏಳು ಗಂಟೆ ಹಿಡಿಯುತ್ತದೆ. ಇಳಿಯಲು ಮತ್ತೆ ಐದು. ಡಿಸೆಂಬರ್ ಆರಂಭದಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದು 6.40ರ ಸುಮಾರಿಗೆ, ಮಗ್ರಿಬ್ ಆಗುವುದು ಆರು ದಾಟಿದ ಕೂಡಲೇ. ಕೈಯಲ್ಲಿರುವ ಬೆಳಕು ಹನ್ನೊಂದೂವರೆ ಗಂಟೆಗೂ ಕಡಿಮೆ. ಕೂಡಿಸಿ ನೋಡಿ. ಎಲ್ಲವೂ ಸರಿಯಾಗಿ ನಡೆದರೆ ಮಾತ್ರ ಸಾಕಾಗುತ್ತದೆ. ಒಬ್ಬರ ಕಾಲು ಉಳುಕಿದರೆ ಸಾಕಾಗುವುದಿಲ್ಲ. ಹಿಂದೆ ಅನೇಕರು ಗಿರಿಗದ್ದೆಯಲ್ಲಿ ತಂಗಿ ಎರಡು ದಿನಗಳಲ್ಲಿ ಮುಗಿಸುತ್ತಿದ್ದ ನಡಿಗೆಯನ್ನು ಈಗ ಒಂದೇ ದಿನಕ್ಕೆ ತುಂಬಿಸಲು ಹೊರಟಿದ್ದೇವೆ ಎಂಬುದನ್ನು ಮರೆಯಬಾರದು.

ಆದ್ದರಿಂದ ತಾಯಂದಿರು ಮೊದಲು ಕೇಳಬೇಕಾದದ್ದು "ಎಷ್ಟು ಗಂಟೆಗೆ ತಲುಪುತ್ತೀಯ?" ಎಂದಲ್ಲ. "ಎಷ್ಟು ಗಂಟೆಗೆ ಹಿಂದೆ ತಿರುಗುತ್ತೀಯ?" ಎಂದು.

ಇದಕ್ಕೆ ನಮಗೆ ಒಂದು ಒಳ್ಳೆಯ ಗಡಿಯಾರವಿದೆ. ಆ ತಿಂಗಳುಗಳಲ್ಲಿ ಝುಹರ್‌ನ ವಕ್ತ್ ಆರಂಭವಾಗುವುದು 12.20ರಿಂದ 12.40ರ ನಡುವೆ. ಬೆಳಕು ಹರಿದ ಕೂಡಲೇ ಹತ್ತಲು ಶುರು ಮಾಡಿದವರು ಒಂಬತ್ತರ ಸುಮಾರಿಗೆ ಗಿರಿಗದ್ದೆಯಲ್ಲಿ, ಹನ್ನೊಂದೂವರೆಗೆ ಶೇಷ ಪರ್ವತದಲ್ಲಿ ಇರಬೇಕು. ಝುಹರ್ ಆದಾಗ ಎಲ್ಲಿದ್ದೀರೋ ಅಲ್ಲೇ ನಮಾಝ್ ಮಾಡಿ, ಎದ್ದ ಮೇಲೆ ಮುಖ ಇಳಿಜಾರಿನ ಕಡೆಗೆ. ತುದಿ ಕಣ್ಣೆದುರಿಗೇ ಇರಲಿ, ಅರ್ಧ ಗಂಟೆಯ ದೂರವೇ ಇರಲಿ. ಈ ತೀರ್ಮಾನವನ್ನು ಮನೆಯಲ್ಲೇ ಮಾಡಿ ಹೊರಡಬೇಕು. ಬೆಟ್ಟದ ಮೇಲೆ, ಗೆಳೆಯರ ಮಧ್ಯೆ, "ಇಷ್ಟು ದೂರ ಬಂದು ಬಿಡುವುದಾ?" ಎಂಬ ಮಾತಿನ ಮುಂದೆ ಯಾವ ತೀರ್ಮಾನವೂ ಆಗುವುದಿಲ್ಲ. ಶೇಷ ಪರ್ವತದಿಂದ ಹಿಂತಿರುಗಿದವರು ಪಶ್ಚಿಮ ಘಟ್ಟವನ್ನು ಕಡಿಮೆಯೇನೂ ನೋಡಿರುವುದಿಲ್ಲ. ಆದರೆ ಗಿರಿಗದ್ದೆಯ ಕೆಳಗಿನ ಆ ಕಾಡಿನಲ್ಲಿ ಮಗ್ರಿಬ್ ಆದರೆ, ಬೇರು ಯಾವುದು ದಾರಿ ಯಾವುದೆಂದು ತಿಳಿಯುವುದಿಲ್ಲ. ಆನೆ ಓಡಾಡುವ ಹೊತ್ತೂ ಅದೇ.

ಎರಡನೆಯ ಪ್ರಶ್ನೆ: "ಅಮೀರ್ ಯಾರು?" ಮೂವರು ಪ್ರಯಾಣ ಹೊರಟರೆ ಒಬ್ಬರನ್ನು ನಾಯಕನನ್ನಾಗಿ ಮಾಡಿಕೊಳ್ಳಬೇಕೆಂಬ ಪ್ರವಾದಿವರ್ಯರ(ಸ) ಮಾರ್ಗದರ್ಶನ ನಮಗೆಲ್ಲ ಗೊತ್ತು, ಮದ್ರಸದಲ್ಲಿ ಕಲಿತು ಪರೀಕ್ಷೆಯಲ್ಲಿ ಬರೆದದ್ದೂ ಆಯಿತು. ಪ್ರವಾಸಕ್ಕೆ ಹೊರಟಾಗ ಎಷ್ಟು ಮಂದಿ ಪಾಲಿಸುತ್ತೇವೆ? ಪ್ರಯಾಣದಲ್ಲಿ ಪ್ರವಾದಿ(ಸ) ತಂಡದ ಹಿಂದೆ ಉಳಿದು ದುರ್ಬಲರನ್ನು ಮುಂದಕ್ಕೆ ಕರೆತರುತ್ತಿದ್ದರೆಂದೂ ಹದೀಸ್‌ನಲ್ಲಿ ಬಂದಿದೆ. ಬೆಟ್ಟ ಹತ್ತುವವರಿಗೆ ಇದಕ್ಕಿಂತ ಉತ್ತಮ ಪಾಠ ಯಾವ ಪುಸ್ತಕದಲ್ಲಿದೆ? ಎಲ್ಲರಿಗಿಂತ ಗಟ್ಟಿ ಹುಡುಗ ಮುಂದೆ ಓಡುವುದು, ದಣಿದವನು ಒಬ್ಬನೇ ಹಿಂದೆ ಉಳಿಯುವುದು, ಕವಲಿನಲ್ಲಿ ಅವನು ಬೇರೆ ಕಡೆ ತಿರುಗುವುದು: ದಾರಿ ತಪ್ಪುವುದು ಬಹುತೇಕ ಹೀಗೆಯೇ. ಎಲ್ಲರಿಗಿಂತ ನಿಧಾನದವರ ನಡಿಗೆಯೇ ತಂಡದ ನಡಿಗೆ ಆಗಬೇಕು. ಅಮೀರ್ "ತಿರುಗೋಣ" ಎಂದರೆ ತಿರುಗಬೇಕು.

ಮೂರನೆಯದು ಅನುಮತಿ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಇಲ್ಲಿ ಸಾವಿರಾರು ಮಂದಿ ಒಮ್ಮೆಲೇ ಸೇರಿ, ಬೆಟ್ಟದ ದಾರಿಯಲ್ಲಿ ಜನ ಸಂತೆಯಂತೆ ನಿಂತ ದೃಶ್ಯ ಎಲ್ಲರ ಮೊಬೈಲ್‌ಗೂ ಬಂದಿತ್ತು. ಅದರ ನಂತರ ಸರಕಾರ ಚಾರಣಕ್ಕೆ ಆನ್‌ಲೈನ್ ಬುಕ್ಕಿಂಗ್ ಕಡ್ಡಾಯ ಮಾಡಿ, ದಿನಕ್ಕೆ ಇಂತಿಷ್ಟೇ ಜನ ಎಂದು ಮಿತಿ ಹಾಕಿತು. ಮಳೆಗಾಲದಲ್ಲೂ ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯವಿರುವಾಗಲೂ ದಾರಿ ಮುಚ್ಚಿರುತ್ತದೆ. ಟಿಕೆಟನ್ನು ತಾಯಿ ಕಣ್ಣಾರೆ ನೋಡಲಿ. "ಅಲ್ಲಿ ಹೋಗಿ ನೋಡಿಕೊಳ್ಳುತ್ತೇವೆ" ಎನ್ನುವವನಿಗೆ ಬೆಟ್ಟದ ಬುಡದಲ್ಲಿ ತಿರುಗಿ ಬರುವ ಬಸ್ಸೇ ಗತಿ. ಇನ್ನೊಂದು ಮಾತು, ದಿನ ಆರಿಸುವಾಗ ಶುಕ್ರವಾರ ಬೇಡ. ಜುಮಾ ತಪ್ಪಿಸಿಕೊಂಡು ಹತ್ತುವ ಅಗತ್ಯ ಏನಿದೆ?

ಮೊದಲ ಸಲ ಹೋಗುವವರಿಗೆ, ಅದರಲ್ಲೂ ಹೆಣ್ಣು ಮಕ್ಕಳನ್ನು ಕರೆದುಕೊಂಡು ಕುಟುಂಬವಾಗಿ ಹೋಗುವವರಿಗೆ ನನ್ನ ಸಲಹೆ ಕುಕ್ಕೆಯ ದಾರಿ ಅಲ್ಲ. ಸೋಮವಾರಪೇಟೆ ಕಡೆಯಿಂದ ಬೀದಳ್ಳಿಯ ದಾರಿ ಇದೆ. ತುದಿಗೆ ಸುಮಾರು ಏಳು ಕಿಲೋಮೀಟರ್. ಹೊರಡುವ ಜಾಗವೇ ಘಟ್ಟದ ಮೇಲಿರುವುದರಿಂದ ಏರೂ ಕಡಿಮೆ. ಸುಲಭವೇನಲ್ಲ, ಬಂಡೆ ಇಲ್ಲೂ ಇದೆ. ಆದರೆ ಹಗಲು ಮುಗಿಯುವ ಮುನ್ನ ನೆಮ್ಮದಿಯಿಂದ ಮರಳಬಹುದು. ಕುಕ್ಕೆಯಿಂದಲೇ ಹೋಗಬೇಕೆಂಬ ಹಟವಿದ್ದರೆ ಮೊದಲು ಒಂದೆರಡು ತಿಂಗಳು ವಾರಕ್ಕೆ ಮೂರು ದಿನವಾದರೂ ಗುಡ್ಡದ ದಾರಿಯಲ್ಲಿ ಬ್ಯಾಗ್ ಹಾಕಿಕೊಂಡು ನಡೆಯಲಿ. ಹತ್ತುವಾಗ ಉಸಿರು ಕಷ್ಟ ಕೊಡುತ್ತದೆ, ಇಳಿಯುವಾಗ ಮೊಣಕಾಲು. ಇಳಿಯುವ ಅಭ್ಯಾಸ ಯಾರೂ ಮಾಡುವುದಿಲ್ಲ.

ಉಡುಪಿನ ಬಗ್ಗೆ ಸಹೋದರಿಯರು ಕೇಳುವುದುಂಟು. ಹಿಜಾಬ್ ಬೆಟ್ಟಕ್ಕೆ ಅಡ್ಡಿಯಲ್ಲ, ನೆಲಕ್ಕೆ ತಾಗುವ ಅಂಚು ಅಡ್ಡಿ. ಬಂಡೆ ಇಳಿಯುವಾಗ ಅದು ಕಾಲಿಗೆ ಸಿಕ್ಕಿದರೆ ಬೀಳುವುದು ಖಂಡಿತ. ಮೊಣಕಾಲಿನ ಕೆಳಗಿನವರೆಗೆ ಬರುವ ಸಡಿಲ ಹತ್ತಿಯ ಕುರ್ತಾ, ಸಡಿಲ ಪ್ಯಾಂಟ್, ಪಿನ್ ಹಾಕಿದ ಶಾಲು ಸಾಕು; ಔರತೂ ಮುಚ್ಚುತ್ತದೆ, ಕಾಲೂ ಆಡುತ್ತದೆ. ಹಿಡಿತವಿರುವ ಹಳೆಯ ಶೂ ಇರಲಿ. ಹೊಸ ಶೂ ಹಾಕಿಕೊಂಡು ಹೊರಟವರ ಹಿಮ್ಮಡಿ ಗಿರಿಗದ್ದೆಗೆ ಮೊದಲೇ ಗುಳ್ಳೆ ಏಳುತ್ತದೆ.

ನಮಾಝ್‌ಗೆ ಅಲ್ಲಿ ಏನೂ ತೊಂದರೆಯಿಲ್ಲ. ಕಿಬ್ಲಾ ಪಶ್ಚಿಮದಿಂದ ಸ್ವಲ್ಪ ಉತ್ತರಕ್ಕೆ. ಇರುವ ನೀರು ಕುಡಿಯಲು ಮಾತ್ರ ಸಾಕಾಗುವಂತಿದ್ದರೆ ತಯಮ್ಮುಮ್‌ಗೆ ಅನುಮತಿಯಿದೆ. ಕುಡಿಯುವ ನೀರಿನಲ್ಲಿ ವುಝೂ ಮಾಡಿ ಬಾಯಾರಿ ಬೀಳುವುದು ತಖ್ವಾ ಅಲ್ಲ. ಮಂಗಳೂರಿನಿಂದ ಕುಕ್ಕೆಗೆ ನೂರು ಕಿಲೋಮೀಟರಿಗೂ ಹೆಚ್ಚಾದ್ದರಿಂದ ಅಲ್ಲಿಂದ ಬಂದವರು ಮುಸಾಫಿರ್. ಶಾಫಿಈ ಮದ್‌ಹಬ್ ಪ್ರಕಾರ ಝುಹರ್ ಜೊತೆಗೇ ಅಸರ್ ಅನ್ನೂ ಕಸರ್ ಆಗಿ ಮುಗಿಸಬಹುದು. ಸುಳ್ಯ, ಪುತ್ತೂರಿನವರಿಗೆ ಈ ರಿಯಾಯಿತಿ ಇಲ್ಲ, ಅವರು ಅಸರ್ ಅನ್ನು ಇಳಿಯುವ ದಾರಿಯಲ್ಲಿ ಮಾಡಬೇಕು. ಹನಫಿಗಳು ತಮ್ಮ ಉಲಮಾರಲ್ಲಿ ಕೇಳಿಕೊಳ್ಳಲಿ.

ಬುತ್ತಿ ಕಟ್ಟುವ ಕೈಗಳಿಗೂ ಈ ಪ್ರಯಾಣದಲ್ಲಿ ಪಾಲಿದೆ. ಹಿಜ್ರತ್‌ನ ಸಂದರ್ಭದಲ್ಲಿ ಹಝ್ರತ್ ಅಸ್ಮಾ(ರ) ತಮ್ಮ ಸೊಂಟಪಟ್ಟಿಯನ್ನೇ ಸೀಳಿ ಬುತ್ತಿಯ ಚೀಲ ಕಟ್ಟಿದರು. 'ದಾತುನ್ನಿತಾಕೈನ್' ಎಂಬ ಹೆಸರು ಅವರಿಗೆ ಬಂದದ್ದು ಹಾಗೆ. ಚಪಾತಿಯೋ ಪತ್ತಿರೋ, ಒಣ ಪಲ್ಯ, ಖರ್ಜೂರ, ಕಡಲೆ ಚಿಕ್ಕಿ, ಓಆರ್‌ಎಸ್ ಪೊಟ್ಟಣ, ತಲಾ ಮೂರು ಲೀಟರ್ ನೀರು. ಮಾಂಸ ಬೇಡ. ಬಿಸಿಲಿಗೆ ಕೆಡುತ್ತದೆ ಎಂಬುದು ಒಂದು ಕಾರಣ. ಬುಡದಲ್ಲಿ ದೇವಸ್ಥಾನವಿರುವ, ಸಹೋದರ ಸಮುದಾಯದವರು ಪವಿತ್ರವೆಂದು ನಂಬುವ ಬೆಟ್ಟ ಎಂಬುದು ಇನ್ನೊಂದು. ತಿಂದ ಕಸ ಅದೇ ಚೀಲದಲ್ಲಿ ಮನೆಗೆ ಬರಬೇಕು.

ಪ್ರತಿಯೊಬ್ಬರ ಬ್ಯಾಗಿನಲ್ಲೂ ಟಾರ್ಚ್, ಒಂದು ವಿಸಿಲ್, ಮಳೆಗೆ ಹೊದೆಯಲು ಏನಾದರೂ ಇರಲಿ. ಮೊಬೈಲ್ ಬೆಳಕನ್ನು ಲೆಕ್ಕಕ್ಕೆ ಹಿಡಿಯಬೇಡಿ; ಮೇಲೆ ನೆಟ್‌ವರ್ಕ್ ಹುಡುಕುತ್ತಲೇ ಅದರ ಚಾರ್ಜ್ ಮುಗಿಯುತ್ತದೆ. ಹೊರಡುವ ಮುನ್ನ ಒಂದು ಕಾಗದದಲ್ಲಿ ಎಲ್ಲರ ಹೆಸರು, ಅವರ ಮನೆಯ ಫೋನ್ ನಂಬರ್, ಯಾವ ದಾರಿ, ತಿರುಗುವ ಸಮಯ, ಅಲ್ಲಿನ ಅರಣ್ಯ ಕಚೇರಿಯ ನಂಬರ್ ಬರೆಸಿ ಫ್ರಿಜ್‌ನ ಬಾಗಿಲಿಗೆ ಅಂಟಿಸಿ. ಇಳಿದ ಕೂಡಲೇ ಮನೆಗೆ ಕರೆ ಮಾಡಬೇಕೆಂದು ಹೇಳಿ ಕಳಿಸಿ. ಮಗ್ರಿಬ್ ಕಳೆದು ಇಶಾ ಆದರೂ ಕರೆ ಬರದಿದ್ದರೆ ಬೆಳಿಗ್ಗೆವರೆಗೆ ಕಾಯಬೇಡಿ, ಸಂಬಂಧಿಕರಿಗೆಲ್ಲ ಫೋನ್ ಮಾಡುತ್ತಾ ಕೂರಲೂ ಬೇಡಿ. ಮೊದಲು ಅರಣ್ಯ ಕಚೇರಿಗೆ, ನಂತರ 112ಕ್ಕೆ ಕರೆ ಮಾಡಿ ಆ ಕಾಗದವನ್ನು ಓದಿ ಹೇಳಿ.