ಕುದುರೆಯಿಂದಿಳಿದು ಕಾದವರು

1918ರ ಸೆಪ್ಟೆಂಬರ್ 23 ಎಂದರೆ ಮೈಸೂರು ಸಂಸ್ಥಾನದ ಚರಿತ್ರೆ ಬಲ್ಲವರಿಗೆ ಹೈಫಾ ನೆನಪಾಗುತ್ತದೆ. ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಸವಾರರು ಭರ್ಜಿ ಹಿಡಿದು ನುಗ್ಗಿ, ಕಾರ್ಮೆಲ್ ಬೆಟ್ಟದ ಬುಡದ ಆ ಬಂದರು ಪಟ್ಟಣವನ್ನು ತುರ್ಕರಿಂದ ಕಸಿದುಕೊಂಡ ದಿನ ಅದು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಆ ದಳದ ಸ್ಮಾರಕಸ್ತಂಭ ಇದೆ. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಅದೇ ದಿನ, ಹೈಫಾದಿಂದ ನೂರು ಚಿಲ್ಲರೆ ಕಿಲೋಮೀಟರ್ ಆಗ್ನೇಯಕ್ಕೆ, ಜೋರ್ಡಾನ್ ನದಿ ದಾಟಿ ಬೆಟ್ಟ ಹತ್ತಿ ಎಸ್ ಸಾಲ್ಟ್ ಎಂಬ ಊರನ್ನು ಹಿಡಿದ ಇನ್ನೊಂದು ಕುದುರೆ ದಳವಿತ್ತು. ನ್ಯೂಜಿಲೆಂಡ್ ಮೌಂಟೆಡ್ ರೈಫಲ್ಸ್ ಬ್ರಿಗೇಡ್. ಇವರ ಕೈಯಲ್ಲಿ ಭರ್ಜಿ ಇರಲಿಲ್ಲ, ಸೊಂಟದಲ್ಲಿ ಕತ್ತಿಯೂ ಇರಲಿಲ್ಲ.

ಲ್ಯಾನ್ಸರ್ ಎಂದರೆ ಕುದುರೆಯ ಮೇಲಿಂದಲೇ ಕಾದುವ ರಾವುತ. ಮೌಂಟೆಡ್ ರೈಫಲ್ಸ್‌ನವನು ಕುದುರೆ ಹತ್ತುವುದು ಹೋಗಬೇಕಾದ ಕಡೆಗೆ ಬೇಗ ಹೋಗಲಿಕ್ಕೆ ಮಾತ್ರ. ಹೋಗಿ ಮುಟ್ಟಿದ ಮೇಲೆ ಇಳಿದು, ಕೋವಿಗೆ ಬಯನೆಟ್ ಸಿಕ್ಕಿಸಿ, ಕಾಲಾಳಿನ ಹಾಗೆ ನೆಲದ ಮೇಲೆ ತೆವಳುತ್ತ ಓಡುತ್ತ ಮುಂದುವರಿಯುತ್ತಾನೆ. ನಾಲ್ಕು ಮಂದಿಗೊಂದು ಗುಂಪು. ಒಟ್ಟಿಗೆ ಉಣ್ಣುವವರು, ಒಟ್ಟಿಗೆ ಮಲಗುವವರು. ಇಳಿಯುವ ಅಪ್ಪಣೆಯಾದ ಕೂಡಲೇ ಮೂವರು ತಮ್ಮ ಲಗಾಮುಗಳನ್ನು ನಾಲ್ಕನೆಯವನ ಕೈಗಿತ್ತು ಓಡುತ್ತಾರೆ. ಆ ನಾಲ್ಕನೆಯವನು ನಾಲ್ಕೂ ಕುದುರೆಗಳನ್ನು ದಿಬ್ಬದ ಮರೆಗೆ ಒಯ್ದು, ಗುಂಡು ಹಾರುವಾಗ ಅವು ಬೆದರದಂತೆ ಹಿಡಿದು ನಿಲ್ಲಬೇಕು. ಕಾಳಗದ ಕಥೆಗಳಲ್ಲಿ ಇವನ ಹೆಸರು ಬರುವುದಿಲ್ಲ. ಇವನಿಲ್ಲದಿದ್ದರೆ ಉಳಿದ ಮೂವರಿಗೆ ವಾಪಸು ದಾರಿಯೇ ಇಲ್ಲ.

ಇದರ ಲೆಕ್ಕ ಮಾತ್ರ ದುಬಾರಿ. ಬ್ರಿಗೇಡಿನಲ್ಲಿ ಆಕ್ಲೆಂಡ್, ಕ್ಯಾಂಟರ್‌ಬರಿ, ವೆಲ್ಲಿಂಗ್ಟನ್ ಎಂಬ ಮೂರು ರೆಜಿಮೆಂಟು, ಕಾಗದದ ಮೇಲೆ ಒಂದೊಂದರಲ್ಲೂ 549 ಮಂದಿ. ಕುದುರೆ ಹಿಡಿಯುವವರನ್ನು ಕಳೆದರೆ ಗುಂಡಿನ ಸಾಲಿನಲ್ಲಿ ಉಳಿಯುವುದು ಹೆಚ್ಚೆಂದರೆ 1,200 ಕೋವಿ. ಕಾಲಾಳಿನ ಒಂದು ಬ್ರಿಗೇಡಿನಲ್ಲಿ ಅದರ ಮೂರು ಪಟ್ಟು ಜನ ಇರುತ್ತಿದ್ದರು. ಮೇಲಾಗಿ ಕುದುರೆಗೆ ನೀರು ಬೇಕು. ಬಿಸಿಲಿನಲ್ಲಿ ದುಡಿಯುವ ಕುದುರೆಗೆ ದಿನಕ್ಕೆ 30 ಲೀಟರಾದರೂ ಬೇಕು. ಎರಡು ಸಾವಿರ ಕುದುರೆಗೆ ಎಷ್ಟಾಯಿತು ನೋಡಿ. ಈ ದಳದ ಯುದ್ಧವನ್ನು ಸೇನಾಪತಿಗಳ ನಕ್ಷೆಗಳಿಗಿಂತ ಬಾವಿಗಳ ಪಟ್ಟಿ ಹಿಡಿದು ಓದಿದರೆ ಚೆನ್ನಾಗಿ ತಿಳಿಯುತ್ತದೆ ಎಂಬುದು ನನ್ನ ಅನಿಸಿಕೆ. ಯಾವ ಕದನ ಎಷ್ಟು ಹೊತ್ತಿಗೆ ಮುಗಿಯಬೇಕು ಎಂಬುದನ್ನು ಅಲ್ಲಿ ಬಹುಪಾಲು ತೀರ್ಮಾನಿಸುತ್ತಿದ್ದದ್ದು ಹಿಂದೆ ದಿಬ್ಬದ ಮರೆಯಲ್ಲಿ ಬಾಯಾರಿ ನಿಂತ ಕುದುರೆಗಳು.

ಹೀಗೆ ಇಳಿದು ಕಾದುವ ಪಾಠ ಕಲಿತದ್ದು ದಕ್ಷಿಣ ಆಫ್ರಿಕದಲ್ಲಿ. 1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧದಲ್ಲಿ ಕುದುರೆಯೇರಿ ಬಂದು, ಕಲ್ಲಿನ ಮರೆಯಿಂದ ಗುಂಡಿಟ್ಟು ಮಾಯವಾಗುತ್ತಿದ್ದ ರೈತರು ಬ್ರಿಟಿಷ್ ಸೈನ್ಯವನ್ನು ಹೈರಾಣಾಗಿಸಿದ್ದರು. ಅವರನ್ನು ಎದುರಿಸಲು ಅಂಥದೇ ಜನ ಬೇಕಾಯಿತು. ನ್ಯೂಜಿಲೆಂಡ್ ಹತ್ತು ತುಕಡಿಗಳಲ್ಲಿ 6,500ಕ್ಕೂ ಹೆಚ್ಚು ಮಂದಿಯನ್ನು ಕಳಿಸಿತು. ಕುರಿ, ದನ ಮೇಯಿಸಿಕೊಂಡು ಜೀನಿನ ಮೇಲೆಯೇ ಬೆಳೆದ ಹುಡುಗರಿಗೆ ಸವಾರಿಯನ್ನು ಯಾರೂ ಕಲಿಸಬೇಕಾಗಿರಲಿಲ್ಲ. 1914ರ ಆಗಸ್ಟಿನಲ್ಲಿ ಮಹಾಯುದ್ಧ ಶುರುವಾದಾಗ ಮತ್ತೆ ಅಂಥವರೇ ಸಾಲುಗಟ್ಟಿದರು. ಸ್ವಂತ ಕುದುರೆ ತಂದವರೂ ಇದ್ದರು; ಕುದುರೆ ಪಾಸಾದರೆ ಸರಕಾರ ಬೆಲೆ ಕಟ್ಟಿ ಕೊಂಡುಕೊಳ್ಳುತ್ತಿತ್ತು. ಅಕ್ಟೋಬರ್ 16ರಂದು ವೆಲ್ಲಿಂಗ್ಟನ್ನಿನಿಂದ ಹತ್ತು ಹಡಗುಗಳು ಸುಮಾರು 8,500 ಸೈನಿಕರನ್ನೂ 3,800ರಷ್ಟು ಕುದುರೆಗಳನ್ನೂ ಹೊತ್ತು ಹೊರಟವು. ಡಿಸೆಂಬರ್ 3ಕ್ಕೆ ಅಲೆಕ್ಸಾಂಡ್ರಿಯ.

ಕುದುರೆಗಾಗಿಯೇ ಹುಟ್ಟಿದ ದಳ ತನ್ನ ಮೊದಲ ಯುದ್ಧಕ್ಕೆ ಕುದುರೆಯನ್ನು ಬಿಟ್ಟು ಹೋಯಿತು. ತುರ್ಕಿಯ ಗಲಿಪೊಲಿಯ ಕಡಿದಾದ ಕಣಿವೆಗಳಲ್ಲಿ ಕುದುರೆಗೆ ಕೆಲಸವಿರಲಿಲ್ಲ. 1915ರ ಮೇ 12ರಂದು ಬ್ರಿಗೇಡಿಯರ್ ಆಂಡ್ರ್ಯೂ ರಸೆಲ್ ಅವರ ಕೈಕೆಳಗೆ ಎಲ್ಲರೂ ಕಾಲ್ನಡಿಗೆಯಲ್ಲೇ ಅಲ್ಲಿ ಇಳಿದರು. ಕುದುರೆಗಳು ಈಜಿಪ್ಟಿನಲ್ಲಿ ಉಳಿದವು. ಅಲ್ಲಿನ ಒಂದು ಉಪಾಯ ಹೇಳಲೇಬೇಕು. ಹಳೇ ಮೂರನೇ ಠಾಣೆ ಎಂದು ಕರೆಯುತ್ತಿದ್ದ ತುರ್ಕರ ಒಂದು ಭದ್ರ ನೆಲೆಯ ಮೇಲೆ ಕೋಲ್ನ್ ಎಂಬ ಯುದ್ಧನೌಕೆ ಎಷ್ಟೋ ದಿನಗಳಿಂದ ರಾತ್ರಿ ಒಂಬತ್ತಕ್ಕೆ ಸರಿಯಾಗಿ ಸರ್ಚ್‌ಲೈಟ್ ಬಿಟ್ಟು ಗುಂಡು ಹಾರಿಸುತ್ತಿತ್ತು. ತುರ್ಕರಿಗೆ ಅದು ರೂಢಿಯಾಗಿ, ಬೆಳಕು ಬಿದ್ದೊಡನೆ ಕಂದಕದ ಸುರಂಗಗಳಿಗೆ ಸರಿಯುವುದನ್ನು ಅಭ್ಯಾಸ ಮಾಡಿಕೊಂಡರು. ಆಗಸ್ಟ್ 6ರ ರಾತ್ರಿ ಆ ಬೆಳಕಿನ ಅಂಚಿನ ಕತ್ತಲೆಯಲ್ಲೇ ಆಕ್ಲೆಂಡಿನವರು ಸದ್ದಿಲ್ಲದೆ ಮೇಲೇರಿದರು. ಕೋವಿಯಲ್ಲಿ ಗುಂಡಿಲ್ಲ, ಬಯನೆಟ್ ಮಾತ್ರ. ಗುಂಡಿನ ಸದ್ದು ನಿಂತಾಗ ಅವರು ಆಗಲೇ ಕಂದಕದಲ್ಲಿದ್ದರು. ಮುಂದಿನ ದಿನಗಳಲ್ಲಿ ಚುನುಕ್ ಬೈರ್ ಶಿಖರದಲ್ಲಿ, ತಿಂಗಳ ಕೊನೆಗೆ ಹಿಲ್ 60ರಲ್ಲಿ ಬ್ರಿಗೇಡು ಅರೆಜೀವವಾಯಿತು. ಶಿಖರ ದಕ್ಕಲಿಲ್ಲ; ಮುಸ್ತಫಾ ಕೆಮಾಲ್ ಅವರ ಎದುರುದಾಳಿ ಆಗಸ್ಟ್ 10ರಂದು ಅದನ್ನು ಮರಳಿ ಕಸಿದುಕೊಂಡಿತು.

ಉಳಿದವರು ಈಜಿಪ್ಟಿಗೆ ಮರಳಿ ಮತ್ತೆ ಜೀನು ಬಿಗಿದರು. 1916ರ ಮಾರ್ಚಿನಲ್ಲಿ ಆಸ್ಟ್ರೇಲಿಯದ ಮೂರು ಲೈಟ್ ಹಾರ್ಸ್ ಬ್ರಿಗೇಡುಗಳ ಜೊತೆ ಸೇರಿ ಆನ್‌ಜ್ಯಾಕ್ ಮೌಂಟೆಡ್ ಡಿವಿಜನ್ ಆಯಿತು. ಆಸ್ಟ್ರೇಲಿಯದ ಹ್ಯಾರಿ ಶೊವೆಲ್ ಅದರ ದಂಡನಾಯಕ, ನ್ಯೂಜಿಲೆಂಡ್ ಬ್ರಿಗೇಡಿಗೆ ಎಡ್ವರ್ಡ್ ಚೇಟರ್. ಇವರ ನಿಜವಾದ ಕಥೆ ಶುರುವಾಗುವುದು ಇಲ್ಲಿಂದ, ಸಿನಾಯ್ ಮರಳುಗಾಡಿನಲ್ಲಿ.

ಸಿನಾಯ್‌ನಲ್ಲಿ ನೀರಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಖರ್ಜೂರದ ತೋಪುಗಳಿರುವ ತಗ್ಗಿನಲ್ಲಿ ಒಂದೆರಡು ಆಳು ಅಗೆದರೆ ನೀರು ಸಿಗುತ್ತದೆ, ಆದರೆ ಸವಳು. ಬಾವಿ ತೋಡಿದರೆ ಮರಳು ಕುಸಿಯುತ್ತದೆ. ಇದಕ್ಕೆ ಆಸ್ಟ್ರೇಲಿಯದ ಎಂಜಿನಿಯರುಗಳು ಹೂಡಿದ ಉಪಾಯ ಸರಳವಾದದ್ದು: ತುದಿ ಮೊನಚಾಗಿಸಿದ, ಬದಿಯಲ್ಲಿ ತೂತು ಕೊರೆದು ಜಾಲರಿ ಸುತ್ತಿದ ಕಬ್ಬಿಣದ ಕೊಳವೆಯನ್ನು ಮರಳಿಗೆ ಬಡಿದು ಇಳಿಸುವುದು, ಮೇಲೆ ಕೈಪಂಪು ಜೋಡಿಸುವುದು, ಕ್ಯಾನ್‌ವಾಸ್ ತೊಟ್ಟಿ ಹರಡುವುದು. ಕೆಲವೇ ನಿಮಿಷಗಳಲ್ಲಿ ಕುದುರೆ ಕುಡಿಯುತ್ತಿತ್ತು. ಹಿಂದಿನಿಂದ ನೈಲ್ ನೀರಿನ ಕೊಳವೆ, ರೈಲು ಹಳಿ ನಿಧಾನವಾಗಿ ಬರುತ್ತಿದ್ದವು. ಸವಾರನೂ ಕೋವಿಯೂ ಸಾಮಾನೂ ಸೇರಿ ಸುಮಾರು 120 ಕಿಲೋ ಹೊತ್ತು ಮರಳಿನಲ್ಲಿ ಹೂತು ನಡೆಯುವ ಕುದುರೆ ಎಷ್ಟು ದೂರ ಹೋಗಬಲ್ಲದೋ, ಸೈನ್ಯದ ಕೈಯೂ ಅಷ್ಟೇ ದೂರ ಚಾಚುತ್ತಿತ್ತು.

1916ರ ಆಗಸ್ಟಿನಲ್ಲಿ ರೊಮಾನಿಯಲ್ಲಿ ತುರ್ಕರ ದಂಡನ್ನು ತಡೆದಮೇಲೆ ಹೆಜ್ಜೆ ಪೂರ್ವಕ್ಕೆ ತಿರುಗಿತು. ಆ ನಂತರದ ಕದನಗಳೆಲ್ಲ ಒಂದೇ ಅಚ್ಚಿನವು. ರಾತ್ರಿಯಿಡೀ ಸವಾರಿ, ಬೆಳಗಿನ ಜಾವಕ್ಕೆ ಊರನ್ನು ಸುತ್ತುವರಿಯುವುದು, ಮಧ್ಯಾಹ್ನದವರೆಗೆ ಗುಂಡಿನ ಕಾಳಗ, ಸಂಜೆಯೊಳಗೆ ಗೆಲುವು ಇಲ್ಲವೇ ಹಿಮ್ಮೆಟ್ಟುವಿಕೆ. ರಾಫಾ ಇದಕ್ಕೆ ಒಳ್ಳೆಯ ನಿದರ್ಶನ. 1917ರ ಜನವರಿ 9. ಮರವಿಲ್ಲ, ಪೊದೆಯಿಲ್ಲ, ಬರೀ ಹುಲ್ಲಿನ ಇಳಿಜಾರು; ತುದಿಯಲ್ಲಿ ತುರ್ಕರ ಕಂದಕಗಳು. ಸಂಜೆ ನಾಲ್ಕೂವರೆಯ ಹೊತ್ತಿಗೆ ತುರ್ಕರಿಗೆ ನೆರವು ಬರುತ್ತಿದೆ ಎಂಬ ಸುದ್ದಿ. ಕುದುರೆಗಳಿಗೆ ನೀರಿಲ್ಲ. ದಂಡನಾಯಕ ಚೆಟ್‌ವುಡ್ ಹಿಂದೆ ಸರಿಯಲು ನಿರ್ಧರಿಸಿದ್ದರು. ಅಷ್ಟರಲ್ಲಿ ನ್ಯೂಜಿಲೆಂಡಿನವರು ಬಯನೆಟ್ ಚಾಚಿ ಆ ಬೋಳು ಇಳಿಜಾರನ್ನು ಓಡಿ ಏರಿ ನಡುಗೋಟೆಯಲ್ಲಿ ನಿಂತಿದ್ದರು. 1,600ಕ್ಕೂ ಹೆಚ್ಚು ಮಂದಿ ಸೆರೆಯಾದರು.

ಮಾರ್ಚ್ 26ರಂದು ಗಾಜಾದಲ್ಲಿ ಅದೃಷ್ಟ ಕೈಕೊಟ್ಟಿತು. ಬ್ರಿಗೇಡು ಉತ್ತರದ ಕಡೆಯಿಂದ ಊರೊಳಕ್ಕೆ ನುಗ್ಗಿತ್ತು. ವೆಲ್ಲಿಂಗ್ಟನ್ ರೆಜಿಮೆಂಟಿನವರು ಎರಡು ಫಿರಂಗಿ ವಶಪಡಿಸಿಕೊಂಡು, ಗುರಿ ನೋಡುವ ಉಪಕರಣ ಬಳಸಲು ಬಾರದೆ, ನಳಿಗೆಯ ಮೂಲಕವೇ ಕಣ್ಣಿಟ್ಟು ನೋಡಿ ಶತ್ರುಗಳಿದ್ದ ಮನೆಯೊಂದಕ್ಕೆ ಹೊಡೆದರು. ಕತ್ತಲಾಗುವಾಗ ಹಿಮ್ಮೆಟ್ಟುವ ಆಜ್ಞೆ ಬಂತು. ಗೆದ್ದ ಊರನ್ನು ಬಿಟ್ಟು ಬಂದೆವು ಎಂಬ ಸಿಟ್ಟು ಆ ಸೈನಿಕರಲ್ಲಿ ಬಹುಕಾಲ ಉಳಿಯಿತು. ಅವರನ್ನು ಹೊತ್ತು ತಂದ ಕುದುರೆಗಳು ಮಾತ್ರ ಆ ಹೊತ್ತಿಗೆ ಬಸವಳಿದಿದ್ದವು.

ಬೀರ್‌ಶೇಬಾ ಎಂದೊಡನೆ ಎಲ್ಲರೂ ಹೇಳುವುದು 1917ರ ಅಕ್ಟೋಬರ್ 31ರ ಸಂಜೆ ಆಸ್ಟ್ರೇಲಿಯದ ನಾಲ್ಕನೇ ಲೈಟ್ ಹಾರ್ಸ್ ಬ್ರಿಗೇಡು ಬಯನೆಟ್ ಕೈಯಲ್ಲಿ ಹಿಡಿದು ಮಾಡಿದ ಧಾವೆಯ ಕಥೆ. ಸಿನಿಮಾಗಳೂ ಬಂದಿವೆ. ಆ ಧಾವೆ ದೊಡ್ಡದೇ, ಅನುಮಾನವಿಲ್ಲ. ಆದರೆ ಊರಿನ ಪೂರ್ವಕ್ಕೆ ತೆಲ್ ಎಲ್ ಸಬಾ ಎಂಬ ದಿಬ್ಬವಿದೆ. ಅಲ್ಲಿ ಕೂತ ಮೆಷಿನ್‌ಗನ್ನುಗಳು ಇಡೀ ಬಯಲನ್ನು ಕಾಯುತ್ತಿದ್ದವು. ಬೆಳಗಿನಿಂದ ಮಧ್ಯಾಹ್ನ ಮೂರರವರೆಗೆ ಆಕ್ಲೆಂಡಿನವರು ಹಳ್ಳದ ದಂಡೆಯ ಮರೆಯಲ್ಲಿ ಒಂದೊಂದೇ ಗಜ ಮುಂದೆ ಸರಿದು ಆ ದಿಬ್ಬವನ್ನು ಹಿಡಿದ ಮೇಲೆಯೇ ಧಾವೆಗೆ ದಾರಿ ಸುಗಮವಾದದ್ದು. ಕುದುರೆ ಓಡುವ ಚಿತ್ರಕ್ಕೆ ಸಿಗುವ ಚಪ್ಪಾಳೆ ಹೊಟ್ಟೆಯ ಮೇಲೆ ತೆವಳುವವನಿಗೆ ಸಿಗುವುದಿಲ್ಲ. ಆ ದಿಬ್ಬದಲ್ಲಿ ಪುರಾತನ ಪಟ್ಟಣವೊಂದರ ಅವಶೇಷಗಳಿವೆ, ಆಳವಾದ ಬಾವಿಯೂ ಇದೆ. 2005ರಿಂದ ಅದು ವಿಶ್ವಪರಂಪರೆಯ ತಾಣ. ಇಡೀ ದಂಡು ಮರಳುಗಾಡು ಬಳಸಿ ಬೀರ್‌ಶೇಬಾಕ್ಕೆ ಬಂದದ್ದೂ ಬಾವಿಗಳಿಗಾಗಿಯೇ.

ಎರಡು ವಾರ ಕಳೆದು, ನವೆಂಬರ್ 14ರಂದು, ರಿಶೊನ್ ಲೆಜಿಯೊನ್ ಹತ್ತಿರದ ಆಯುನ್ ಕಾರಾದಲ್ಲಿ ಬ್ರಿಗೇಡು ಒಂಟಿಯಾಗಿ ಕಾದಿತು. ಕೈಕೈ ಮಿಲಾಯಿಸುವ ಕಾಳಗ. 44 ಮಂದಿ ಸತ್ತರು. ಮರುದಿನ ಬಿಟ್ಟು ಆಚೆ ದಿನ ಜಾಫಾ ಬಂದರು ಅವರ ಕೈಸೇರಿತು. ಆ ವೇಳೆಗೆ ಬ್ರಿಗೇಡಿನ ಹೊಣೆ ವಿಲಿಯಂ ಮೆಲ್ಡ್ರಮ್ ಅವರದು. ಚೇಟರ್ ಇಡೀ ಡಿವಿಜನ್ನಿಗೆ ಮುಖ್ಯಸ್ಥರಾಗಿದ್ದರು.

1918ರ ಮಾರ್ಚ್ ಕೊನೆಯಲ್ಲಿ ಅಮ್ಮಾನಿಗೆ ಹೋದದ್ದು ಸೋಲು. ಮಳೆ, ಚಳಿ, ಕೆಸರಿನಲ್ಲಿ ಜಾರಿ ಬೀಳುವ ಒಂಟೆಗಳು, ಹಿಂತಿರುಗುವಾಗ ಜೊತೆಗೂಡಿದ ಆರ್ಮೇನಿಯನ್ ಮತ್ತು ಕ್ರೈಸ್ತ ನಿರಾಶ್ರಿತರು. ಆಮೇಲೆ ಬೇಸಿಗೆಯಿಡೀ ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಕೆಳಗಿರುವ ಜೋರ್ಡಾನ್ ಕಣಿವೆಯ ಧೂಳು, ಸೊಳ್ಳೆ. ಮೈಸೂರಿನವರೂ ಅದೇ ಕಣಿವೆಯಲ್ಲಿದ್ದರು. ಜುಲೈ 14ರಂದು ಅಬು ತೆಲ್ಲುಲ್ ಬಳಿ ತುರ್ಕರು, ಜರ್ಮನರು ಸೇರಿ ದಾಳಿ ಮಾಡಿದಾಗ ವೆಲ್ಲಿಂಗ್ಟನ್ ರೆಜಿಮೆಂಟು ಆಸ್ಟ್ರೇಲಿಯದವರ ನೆರವಿಗೆ ಧಾವಿಸಿತು. ಅದೇ ದಿನ ಕಣಿವೆಯ ದಕ್ಷಿಣಕ್ಕೆ ಎಲ್ ಹೆನು ಕಡವಿನಲ್ಲಿ ಮೈಸೂರು, ಜೋಧಪುರದ ಸವಾರರು ಹೊಳೆ ದಾಟಿ ಭರ್ಜಿಯೊಂದಿಗೆ ಶತ್ರುವಿನ ಅಶ್ವದಳದ ಮೇಲೆ ಬಿದ್ದರು. ಒಬ್ಬರು ಇಳಿದು ಕಾದುವವರು, ಇನ್ನೊಬ್ಬರು ಏರಿ ಕಾದುವವರು. ಒಂದೇ ಹಗಲು, ಒಂದೇ ಹೊಳೆ.

ಸೆಪ್ಟೆಂಬರಿನ ಮಹಾದಾಳಿ ಸಮುದ್ರ ತೀರದಲ್ಲಿ ನಡೆಯಲಿತ್ತು. ತುರ್ಕರು ಅದನ್ನು ಕಣಿವೆಯಲ್ಲಿ ನಿರೀಕ್ಷಿಸಬೇಕು. ಅದಕ್ಕಾಗಿ ಮರ, ಕ್ಯಾನ್‌ವಾಸಿನ ಬೆದರುಗುದುರೆಗಳನ್ನು ಸಾಲಾಗಿ ನಿಲ್ಲಿಸಿ, ಹೇಸರಗತ್ತೆಗಳಿಂದ ಸೌದೆಹೊರೆ ಎಳೆಸಿ ಧೂಳೆಬ್ಬಿಸಿದರು. ತೀರದಲ್ಲಿ ಸಾಲು ಮುರಿದೊಡನೆ ಚೇಟರ್ ಪಡೆ ಮುಂದೆ ನಡೆಯಿತು. 25ರಂದು ಅಮ್ಮಾನ್ ಬಿತ್ತು. ಕೊನೆಯ ಪ್ರಸಂಗ ವಿಚಿತ್ರವಾದದ್ದು. ಜಿಜಾ ನಿಲ್ದಾಣದಲ್ಲಿ ಸಾವಿರಾರು ತುರ್ಕರು ಶರಣಾಗಲು ಸಿದ್ಧರಿದ್ದರು, ಆದರೆ ಸುತ್ತ ನೆರೆದ ಬೆಡೂಯಿನ್ ಸವಾರರ ಹೆದರಿಕೆಗೆ ಆಯುಧ ಕೆಳಗಿಡಲು ಒಪ್ಪರು. ಸೆಪ್ಟೆಂಬರ್ 29ರ ರಾತ್ರಿ ಗೆದ್ದವರೂ ಸೋತವರೂ ಒಂದೇ ಕಂದಕದಲ್ಲಿ ಕೋವಿ ಹಿಡಿದು ಕಾವಲು ಕೂತರು. ಮರುದಿನ ನ್ಯೂಜಿಲೆಂಡ್ ಬ್ರಿಗೇಡು ಬಂದಮೇಲೆ ಆಯುಧ ಒಪ್ಪಿಸಿದ್ದಾಯಿತು. ಆಮೇಲೆ ಗುಂಡಿಗಿಂತ ಮಲೇರಿಯ ಹೆಚ್ಚು ಜನರನ್ನು ಕೆಡವಿತು.

ಇಲ್ಲಿಗೆ ಕಥೆ ನಿಲ್ಲಿಸುವವರು ಬಹಳ. ನಿಲ್ಲಿಸಬಾರದು. ಯುದ್ಧ ಮುಗಿದು ತಿಂಗಳು ಕಳೆದಿತ್ತು. ಆಯುನ್ ಕಾರಾದಿಂದ ದೂರವೇನಿಲ್ಲದ ಸುರಾಫೆಂದ್ ಹಳ್ಳಿಯ ಪಕ್ಕ ಬೀಡಾರ. ಡಿಸೆಂಬರಿನ ಒಂದು ರಾತ್ರಿ ನ್ಯೂಜಿಲೆಂಡಿನ ಸೈನಿಕನೊಬ್ಬ ಕಳ್ಳನನ್ನು ಅಟ್ಟಿಹೋಗಿ ಗುಂಡೇಟಿಗೆ ಸತ್ತ. ಜಾಡು ಹಳ್ಳಿಯತ್ತ ಹೋಗಿತ್ತೆಂದರು. ಮರುರಾತ್ರಿ ನ್ಯೂಜಿಲೆಂಡಿನವರು, ಆಸ್ಟ್ರೇಲಿಯದ ಕೆಲವರೊಡನೆ, ಹಳ್ಳಿಯನ್ನು ಸುತ್ತುವರಿದು, ಹೆಂಗಸರು ಮಕ್ಕಳು ಮುದುಕರನ್ನು ಹೊರಕಳಿಸಿ, ಗಂಡಸರನ್ನು ದೊಣ್ಣೆ, ಬಯನೆಟ್‌ಗಳಿಂದ ಕೊಂದರು, ಮನೆಗಳಿಗೆ ಬೆಂಕಿಯಿಟ್ಟರು. ಸತ್ತವರು 40ರಷ್ಟು ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ವಿಚಾರಣೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ, ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ಸರ್ವಸೇನಾಧಿಪತಿ ಅಲೆನ್‌ಬಿ ಇಡೀ ಡಿವಿಜನ್ನನ್ನು ನಿಲ್ಲಿಸಿ ಕೊಲೆಗಡುಕರೆಂದು ಛೀಮಾರಿ ಹಾಕಿದರು. ಸೈನಿಕರಿಗೆ ಕೊಲೆಗಿಂತ ಆ ಬೈಗುಳವೇ ಹೆಚ್ಚು ನೋವು ಕೊಟ್ಟಿತು ಎಂಬುದನ್ನು ಓದುವಾಗ ಬೇಸರವಾಗುತ್ತದೆ. ನಾಲ್ವರ ಗುಂಪಿನ ಆ ಗಟ್ಟಿ ನಂಟು ರಣರಂಗದಲ್ಲಿ ಜೀವ ಉಳಿಸಿದ್ದು ನಿಜ. ಆ ಹಳ್ಳಿಯಲ್ಲಿ ಅದೇ ನಂಟು ಕೊಲೆಗಾರರನ್ನು ಮುಚ್ಚಿಟ್ಟಿತು.

ಕುದುರೆಗಳು ಊರಿಗೆ ಮರಳಲಿಲ್ಲ. ಹಡಗುಗಳ ಕೊರತೆ, ರೋಗದ ಭಯ. ಒಳ್ಳೆಯವು ಬ್ರಿಟಿಷ್ ಇಂಡಿಯಾದ ಸೈನ್ಯವೂ ಸೇರಿ ಬೇರೆ ದಳಗಳ ಪಾಲಾದವು, ಮುದಿಯವಕ್ಕೆ ಗುಂಡು. ಯುದ್ಧಕ್ಕೆಂದು ನ್ಯೂಜಿಲೆಂಡಿನಿಂದ ಹೊರಟ 10,000ಕ್ಕೂ ಹೆಚ್ಚು ಕುದುರೆಗಳಲ್ಲಿ ಮರಳಿದ್ದು ನಾಲ್ಕು. ಅದರಲ್ಲೊಂದು ಬೆಸ್ ಎಂಬ ಕಪ್ಪು ಹೆಣ್ಣುಕುದುರೆ, ಗೈ ಪೌಲ್ಸ್ ಎಂಬ ಅಧಿಕಾರಿಯದು. 1922ರಲ್ಲಿ ಈ ದಂಡಯಾತ್ರೆಯ ಅಧಿಕೃತ ಇತಿಹಾಸ ಬರೆದವರು ಅವರೇ. ಬೆಸ್ 1934ರಲ್ಲಿ ಸತ್ತಾಗ, ಬುಲ್ಸ್ ಎಂಬ ಊರಿನ ಹತ್ತಿರ, ಅದು ಸೇವೆ ಸಲ್ಲಿಸಿದ ನಾಡುಗಳ ಹೆಸರು ಕೆತ್ತಿಸಿ ಕಲ್ಲು ನೆಡಿಸಿದರು.

ಸವಾರರಿಗೂ ಬೇಗ ಬಿಡುಗಡೆ ಸಿಗಲಿಲ್ಲ. 1919ರ ಮಾರ್ಚಿನಲ್ಲಿ ಈಜಿಪ್ಟಿನ ಜನ ಬ್ರಿಟಿಷರ ವಿರುದ್ಧ ದಂಗೆಯೆದ್ದಾಗ ಇವರಿಗೆ ಮತ್ತೆ ಕುದುರೆ, ಕೋವಿ ಕೊಟ್ಟು ನೈಲ್ ಮುಖಜಭೂಮಿಯ ಹಳ್ಳಿಗಳಿಗೆ ಗಸ್ತಿಗೆ ಅಟ್ಟಿದರು. ಬ್ರಿಗೇಡು ಊರಿಗೆ ಹಡಗು ಹತ್ತಿದ್ದು ಜೂನ್, ಜುಲೈನಲ್ಲಿ. 1932ರಲ್ಲಿ ಪೋರ್ಟ್ ಸೈದ್‌ನಲ್ಲಿ ಇವರ ಹಾಗೂ ಆಸ್ಟ್ರೇಲಿಯದ ಸವಾರರ ನೆನಪಿಗೆ ಕಂಚಿನ ಸ್ಮಾರಕ ನಿಂತಿತು: ಕುದುರೆ ಕುಸಿದುಬಿದ್ದ ನ್ಯೂಜಿಲೆಂಡಿಗನನ್ನು ಕಾಯುತ್ತಿರುವ ಆಸ್ಟ್ರೇಲಿಯದ ಸವಾರ. 1956ರ ಸೂಯೆಜ್ ಬಿಕ್ಕಟ್ಟಿನಲ್ಲಿ ಈಜಿಪ್ಟಿನವರು ಅದನ್ನು ಒಡೆದು ಕೆಡವಿದರು. ಅದರ ಪ್ರತಿರೂಪ ಈಗ ಆಸ್ಟ್ರೇಲಿಯದ ಆಲ್ಬನಿ ಬಂದರಿನ ಮೇಲಿನ ಗುಡ್ಡದಲ್ಲಿದೆ, ಕ್ಯಾನ್‌ಬೆರಾದಲ್ಲಿ ಇನ್ನೊಂದು.